ಕರಾವಳಿಯ ಟೂರಿಂಗ್ ಬೈಕಿಗೆ ಯಾವ ಲಗೇಜ್? ಪೆಟ್ಟಿಗೆ ನೋಡುವ ಮೊದಲು ಲ್ಯಾಚ್ ನೋಡಿ

ಕಳೆದ ಒಂದು ತಿಂಗಳಲ್ಲಿ ನಾಲ್ಕು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದ್ದಾರೆ. ಬೈಕಿಗೆ ಅಲ್ಯೂಮಿನಿಯಂ ಪೆಟ್ಟಿಗೆ ಹಾಕಿಸುವುದಾ, ಬಟ್ಟೆಯ ಸ್ಯಾಡಲ್ ಬ್ಯಾಗ್ ಸಾಕಾ, ಇಲ್ಲ ಹಿಂದೆ ಒಂದು ಟಾಪ್ ಬಾಕ್ಸ್ ಕೂರಿಸಿದರೆ ಆಯ್ತಾ? ಒಬ್ಬರು ಕಾಪುವಿನಿಂದ ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗುವವರು. ಒಂದು ಜೋಡಿ ಇದೆ, ತಿಂಗಳಿಗೊಮ್ಮೆಯಾದರೂ ಘಟ್ಟ ಹತ್ತದೆ ಇರುವವರಲ್ಲ. ಮಣಿಪಾಲದಲ್ಲಿ ಓದುವ ಒಬ್ಬ ಹುಡುಗ ಮುಂದಿನ ಬೇಸಿಗೆಗೆ ಲಡಾಖ್ ಎಂದು ಕೂತಿದ್ದಾನೆ. ನಾಲ್ಕನೆಯವರು ಆಗಲೇ ದುಡ್ಡು ಕೊಟ್ಟು ಅಲ್ಯೂಮಿನಿಯಂ ಪೆಟ್ಟಿಗೆ ಹಾಕಿಸಿಕೊಂಡು, ಈಗ ಲ್ಯಾಚ್ ಹಿಡಿಯುವುದಿಲ್ಲ ಎಂದು ತಲೆ ಕೆಡಿಸಿಕೊಂಡಿರುವವರು.

ನಾಲ್ವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಆದರೆ ನಾಲ್ವರಿಗೂ ಮೊದಲು ಹೇಳಿದ ಮಾತು ಒಂದೇ. ಎಷ್ಟು ಲೀಟರ್ ಹಿಡಿಯುತ್ತದೆ, ಫೋಟೋದಲ್ಲಿ ಹೇಗೆ ಕಾಣುತ್ತದೆ ಎನ್ನುವುದು ಆಮೇಲೆ. ನಮ್ಮ ಊರಿನ ಉಪ್ಪು ಗಾಳಿಗೆ, ನಮ್ಮ ಮಳೆಗೆ, ಮೊದಲು ಸೋಲುವುದು ಪೆಟ್ಟಿಗೆಯಲ್ಲ, ಅದರ ಬಾಯಿ ಹಿಡಿದಿರುವ ಆ ಚಿಕ್ಕ ಕೊಂಡಿ.

ಇದನ್ನು ನಾನು ಕಲಿತದ್ದು ಆಗುಂಬೆಯಲ್ಲಿ. ಎರಡು ವರ್ಷದ ಹಿಂದೆ, ಮಳೆ ಜೋರಾಗಿರುವ ಆಟಿ ತಿಂಗಳು, ತೀರ್ಥಹಳ್ಳಿಯಿಂದ ಇಳಿದು ಬರುತ್ತಿದ್ದೆ. ಹದಿನಾಲ್ಕು ತಿರುವು ಮುಗಿಸಿ ಸೋಮೇಶ್ವರ ದಾಟಿದ ಮೇಲೆ ಹಿಂದಿನಿಂದ ಒಂದು ಜೀಪಿನವರು ಹಾರ್ನ್ ಹೊಡೆದು ಹೊಡೆದು ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ನನ್ನ ಮಳೆ ಪ್ಯಾಂಟ್. ಎಡಗಡೆ ಪೆಟ್ಟಿಗೆಯ ಮುಚ್ಚಳ ಅರ್ಧ ತೆರೆದು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅಪ್ಪನಿಗೆಂದು ತೀರ್ಥಹಳ್ಳಿಯಲ್ಲಿ ತೆಗೆದುಕೊಂಡ ಔಷಧಿಯ ಚೀಲ ಎಲ್ಲೋ ಮೇಲಿನ ತಿರುವಿನಲ್ಲಿ ಹೋಗಿತ್ತು, ಕೊನೆಗೂ ಸಿಗಲಿಲ್ಲ.

ಹೊರಡುವಾಗ ಎರಡೂ ಲ್ಯಾಚ್ ಒತ್ತಿದ್ದೆ, ಟಕ್ ಎಂದು ಶಬ್ದ ಕೇಳಿತ್ತು, ಕೀ ತಿರುಗಿಸಿ ತೆಗೆದಿದ್ದೆ. ಮನೆಗೆ ಬಂದು ಲ್ಯಾಚ್ ಬಿಚ್ಚಿ ನೋಡಿದಾಗ ಗೊತ್ತಾಯಿತು. ಒಳಗಿನ ಸ್ಪ್ರಿಂಗ್ ಕೂದಲಿನಷ್ಟು ತೆಳುವಾಗಿ ಸವೆದು ತುಕ್ಕು ಹಿಡಿದು ಎರಡು ತುಂಡಾಗಿತ್ತು. ಕೊಂಡಿ ಕೂತುಕೊಳ್ಳುವ ಜಾಗದ ಸುತ್ತ ಬಿಳಿ ಪುಡಿ, ಬೆರಳಿಗೆ ಸುಣ್ಣದ ಹಾಗೆ ಅಂಟುತ್ತಿತ್ತು. ಕೀ ತಿರುಗಿದ್ದು ನಿಜ, ಆದರೆ ಕೊಂಡಿ ಅಂಚಿಗೆ ತಾಗಿ ನಿಂತಿತ್ತು ಅಷ್ಟೇ, ಒಳಗೆ ಸಿಕ್ಕಿಕೊಂಡಿರಲಿಲ್ಲ. ಪೆಟ್ಟಿಗೆಗೆ ಆಗ ಹದಿನಾಲ್ಕು ತಿಂಗಳು. ಕಂಪನಿಯ ಹೆಸರು ಬೇಡ, ಯಾಕೆಂದರೆ ಆಮೇಲೆ ಬೇರೆ ಬೇರೆ ಮಾಡೆಲ್‌ಗಳಲ್ಲೂ ಇದೇ ಕತೆ ನೋಡಿದ್ದೇನೆ.

ಏನನ್ನು ನೋಡಿ ಆರಿಸಬೇಕು

ನನ್ನ ಮೊದಲ ಪ್ರಶ್ನೆ: ಲ್ಯಾಚ್ ಕೈಕೊಟ್ಟರೆ ಏನಾಗುತ್ತದೆ? ಸಾಮಾನು ರಸ್ತೆಗೆ ಬೀಳುತ್ತದಾ, ಮುಚ್ಚಳ ಸಡಿಲವಾಗಿ ನೀರು ಮಾತ್ರ ಒಳಗೆ ಹೋಗುತ್ತದಾ, ಇಲ್ಲ ಪೆಟ್ಟಿಗೆಯೇ ಬೈಕಿನಿಂದ ಕಳಚಿ ಹಿಂದೆ ಬರುವವರ ಮೇಲೆ ಹೋಗುತ್ತದಾ? ಈ ಮೂರೂ ಒಂದೇ ಅಲ್ಲ. ಮೂರನೆಯದು ಇನ್ನೊಬ್ಬರ ಜೀವದ ವಿಷಯ.

ಎರಡನೆಯದು, ಕೈಕೊಟ್ಟಾಗ ಎಲ್ಲಿ ರಿಪೇರಿ ಆಗುತ್ತದೆ. ಘಟ್ಟದ ದಾರಿಯ ಚಿಕ್ಕ ಊರುಗಳಾದ ಹೆಬ್ರಿಯಲ್ಲಿ, ಕೊಟ್ಟಿಗೆಹಾರದಲ್ಲಿ, ಗುಂಡ್ಯದಲ್ಲಿ ಸಿಗುವ ಸಾಮಾನಿನಿಂದ ಅವತ್ತಿನ ಮಟ್ಟಿಗಾದರೂ ಮುಂದೆ ಹೋಗಬಹುದಾ? ಬಿಡಿ ಲ್ಯಾಚ್ ಸಿಗುತ್ತದಾ, ಇಲ್ಲ ಇಡೀ ಮುಚ್ಚಳವನ್ನೇ ಹೊಸದು ತರಿಸಬೇಕಾ?

ಮೂರನೆಯದು ನೀರು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ, ಆಗುಂಬೆಯಲ್ಲಿ 7,000 ದಾಟುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಪುಣೆಯಲ್ಲಿ, ದೆಹಲಿಯಲ್ಲಿ ಕೂತವರು ವಾಟರ್‌ಪ್ರೂಫ್ ಎಂದು ಹೊಗಳಿದ್ದು ನಮ್ಮಲ್ಲಿ ನಾಲ್ಕು ಗಂಟೆ ನಿಲ್ಲದಿರಬಹುದು.

ಆಮೇಲೆ ಉಪ್ಪು, ಭಾರ, ಅಗಲ, ಕಳ್ಳರ ಭಯ, ದುಡ್ಡು. ಇವನ್ನು ಒಂದೊಂದು ಬಗೆಯ ಜೊತೆಗೇ ಹೇಳುತ್ತೇನೆ.

ಒಂದು ಮಾತು ಮೊದಲೇ. ಲ್ಯಾಚ್ ಹಾಳಾಗುವುದರಲ್ಲಿ ಬೈಕಿನ ಪಾಲೂ ಇದೆ. ನಾವು ಟೂರಿಂಗ್‌ಗೆ ಓಡಿಸುವ ಹಿಮಾಲಯನ್, ವಿ-ಸ್ಟ್ರಾಮ್ ಎಸ್ಎಕ್ಸ್, 390 ಅಡ್ವೆಂಚರ್, ಎಕ್ಸ್‌ಪಲ್ಸ್ ಎಲ್ಲಾ ಒಂದು ಸಿಲಿಂಡರ್ ಬೈಕುಗಳು. ನಡುಕ ಇದ್ದೇ ಇರುತ್ತದೆ, ಒಂದರಲ್ಲಿ ಜಾಸ್ತಿ, ಒಂದರಲ್ಲಿ ಕಡಿಮೆ. ನಡುಕಕ್ಕೆ ಪೆಟ್ಟಿಗೆ ಕೂರುವ ಲೋಹದ ಚೌಕಟ್ಟಿನ, ಅಂದರೆ ರ‍್ಯಾಕಿನ ಬೋಲ್ಟ್ ಸಡಿಲವಾಗುತ್ತದೆ, ಒಂದು ಬೋಲ್ಟ್ ಸಡಿಲವಾದರೆ ರ‍್ಯಾಕ್ ಒಂದು ಕಡೆ ವಾಲುತ್ತದೆ, ರ‍್ಯಾಕ್ ವಾಲಿದರೆ ಪೆಟ್ಟಿಗೆ ಸ್ವಲ್ಪ ತಿರುಚಿಕೊಂಡು ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಆಗ ನಾವು ಮುಚ್ಚಳದ ಮೇಲೆ ಒತ್ತಿ ಒತ್ತಿ ಲ್ಯಾಚ್ ಹಾಕುತ್ತೇವೆ. ಹೀಗೆ ಎಲ್ಲ ಭಾರ ಬಂದು ಬೀಳುವುದು ಆ ಬೆರಳುದ್ದದ ಕೊಂಡಿಯ ಮೇಲೆ. ಹಾಗಾಗಿ ಲ್ಯಾಚ್ ಹಿಡಿಯುತ್ತಿಲ್ಲ ಎಂದರೆ ಮೊದಲು ರ‍್ಯಾಕಿನ ಬೋಲ್ಟ್ ನೋಡಿ. ಅದು ಕೂರುವ, ಸೀಟಿನ ಕೆಳಗಿನ ಹಿಂದಿನ ಚೌಕಟ್ಟಾದ ಸಬ್‌ಫ್ರೇಮಿನ ವೆಲ್ಡಿಂಗ್ ಹತ್ತಿರ ಗೆರೆ ಬಿದ್ದಿದೆಯಾ ಎಂದು ಟಾರ್ಚ್ ಹಾಕಿ ನೋಡಿ. ಬೋಲ್ಟಿನ ಎಳೆಗೆ ಹಾಕುವ ನೀಲಿ ಬಣ್ಣದ ಅಂಟು, ಅಂದರೆ ಥ್ರೆಡ್‌ಲಾಕರ್ ಒಂದು ಹನಿ ಹಾಕಿ ಬೋಲ್ಟ್ ಬಿಗಿ ಮಾಡಿದರೆ ಬಹಳ ದಿನ ನಿಲ್ಲುತ್ತದೆ, ಬೇಕಾದಾಗ ಸ್ಪ್ಯಾನರಿನಲ್ಲಿ ಬಿಚ್ಚಲೂ ಬರುತ್ತದೆ. ಕೆಂಪು ಬೇಡ, ಅದನ್ನು ಬಿಸಿ ಮಾಡದೆ ಬಿಚ್ಚುವುದು ಕಷ್ಟ.

ಅಲ್ಯೂಮಿನಿಯಂ ಪೆಟ್ಟಿಗೆ

ಎಲ್ಲರ ಕಣ್ಣು ಮೊದಲು ಬೀಳುವುದು ಇದರ ಮೇಲೆ. ನೋಡಲಿಕ್ಕೆ ಚಂದ, ಗಟ್ಟಿ, ಬೀಗ ಹಾಕಬಹುದು, ರಾತ್ರಿ ಲಾಡ್ಜ್ ಎದುರು ಬಿಟ್ಟು ಹೋದರೂ ಅರ್ಧ ನಿದ್ದೆಯಾದರೂ ಬರುತ್ತದೆ. ಮೇಲಿನಿಂದ ತೆರೆಯುವುದರಿಂದ ಬಟ್ಟೆ, ಟೂಲ್ಸ್ ಎಲ್ಲ ಪಾತ್ರೆಗೆ ಹಾಕಿದ ಹಾಗೆ ಹಾಕಬಹುದು. ಬೈಕ್ ಮಲಗಿದರೆ ಪೆಟ್ಟಿಗೆ ಚಪ್ಪಟೆಯಾಗುತ್ತದೆ, ಬೈಕಿನ ಬದಿ ಉಳಿಯುತ್ತದೆ. ಚಪ್ಪಟೆಯಾದದ್ದನ್ನು ಊರಿನ ಟಿಂಕರಿಂಗ್‌ನವರು ಮರದ ಸುತ್ತಿಗೆಯಲ್ಲಿ ಬಡಿದು ಒಂದು ಮಟ್ಟಕ್ಕೆ ಸರಿ ಮಾಡಿಕೊಡುತ್ತಾರೆ.

ಆದರೆ ಕರಾವಳಿಯಲ್ಲಿ ಇದರ ಕಷ್ಟ ಬೇರೆ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎನ್ನುತ್ತಾರೆ, ಅದು ಕೆಂಪು ತುಕ್ಕು ಹಿಡಿಯುವುದಿಲ್ಲ ಅಷ್ಟೇ. ಅಲ್ಯೂಮಿನಿಯಂಗೆ ಸ್ಟೀಲ್ ಬೋಲ್ಟ್ ತಾಗಿಕೊಂಡಿದ್ದು, ಮಧ್ಯೆ ಉಪ್ಪು ನೀರು ಸಿಕ್ಕಿಕೊಂಡರೆ ಎರಡು ಲೋಹದ ನಡುವೆ ಚಿಕ್ಕ ಬ್ಯಾಟರಿಯೇ ಆಗುತ್ತದೆ. ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಬೋಲ್ಟಿನ ಸುತ್ತ ಪೇಂಟ್ ಉಬ್ಬಿ ಬಿಳಿ ಪುಡಿ ಬರುವುದು ಅದೇ. ಲ್ಯಾಚ್‌ನ ರಿವೆಟ್ ಸುತ್ತ ಹೀಗಾದರೆ ತೂತು ದೊಡ್ಡದಾಗಿ ರಿವೆಟ್ ಅಲುಗಾಡುತ್ತದೆ, ಆಮೇಲೆ ಒಂದು ದಿನ ಹಂಪ್ ಮೇಲೆ ಹಾರಿದಾಗ ಲ್ಯಾಚೇ ಕೈಗೆ ಬರುತ್ತದೆ. ಬೋಲ್ಟಿಗೂ ಪೆಟ್ಟಿಗೆಗೂ ಮಧ್ಯೆ ನೈಲಾನ್ ವಾಷರ್ ಹಾಕಿ ಸ್ವಲ್ಪ ಗ್ರೀಸ್ ಸವರಿದರೆ ಈ ರೋಗವನ್ನು ವರ್ಷಗಟ್ಟಲೆ ಮುಂದೂಡಬಹುದು. ಐವತ್ತು ರೂಪಾಯಿಯ ಕೆಲಸ.

ಲ್ಯಾಚ್‌ನಲ್ಲೂ ಎರಡು ಬಗೆ. ಒಂದು ಹಳೆಯ ಕಾಲದ ಟ್ರಂಕಿನ ಹಾಗೆ, ಹೊರಗೆ ಕಾಣುವ ಕೊಂಡಿ, ಎಳೆದು ಮಡಚಿದರೆ ಬಿಗಿಯಾಗುವುದು. ಇನ್ನೊಂದು ಒಳಗೆ ಸ್ಪ್ರಿಂಗ್ ಇರುವ, ಒತ್ತಿದರೆ ಟಕ್ ಎನ್ನುವ ಪ್ಯಾಡಲ್ ಬಗೆ. ಎರಡನೆಯದು ನೋಡಲು ಅಚ್ಚುಕಟ್ಟು, ಒಂದೇ ಕೈಯಲ್ಲಿ ಹಾಕಬಹುದು, ಆದರೆ ಅದರ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ನಿಮಗೆ ಕಾಣುವುದಿಲ್ಲ. ನನಗೆ ಆಗುಂಬೆಯಲ್ಲಿ ಕೈಕೊಟ್ಟದ್ದು ಅದೇ. ಟ್ರಂಕಿನ ಬಗೆಯದ್ದು ಹಾಳಾಗುವ ಮುಂಚೆ ಹೇಳಿ ಹಾಳಾಗುತ್ತದೆ. ಕೊಂಡಿ ಸಡಿಲ ಆಗುವುದು ಕೈಗೆ ಗೊತ್ತಾಗುತ್ತದೆ, ತುಕ್ಕು ಕಣ್ಣಿಗೆ ಕಾಣುತ್ತದೆ, ಮುರಿದರೂ ಅದೇ ಜಾಗಕ್ಕೆ ಯಾವುದೋ ಹಾರ್ಡ್‌ವೇರ್ ಅಂಗಡಿಯ ಕೊಂಡಿ ಕೂರಿಸಬಹುದು. ಅಲ್ಯೂಮಿನಿಯಂ ತೆಗೆದುಕೊಳ್ಳುವುದೇ ಆದರೆ ಈ ಬಗೆಯ ಲ್ಯಾಚ್ ಇರುವುದನ್ನೇ ತೆಗೆದುಕೊಳ್ಳಿ. ಇದರಲ್ಲಿ ನನಗೆ ಎರಡನೇ ಅಭಿಪ್ರಾಯ ಇಲ್ಲ.

ಭಾರ ಮರೆಯಬೇಡಿ. ಒಂದು ಜೊತೆ ಪೆಟ್ಟಿಗೆ, ರ‍್ಯಾಕ್ ಸೇರಿ ಖಾಲಿ ಇರುವಾಗಲೇ 15 ಕೆಜಿ ಹತ್ತಿರ ಆಗುತ್ತದೆ. ಅಗಲ ಒಂದು ಮೀಟರಿನ ಹತ್ತಿರ, ಅಂದರೆ ಬಹಳ ಬೈಕುಗಳಲ್ಲಿ ಹ್ಯಾಂಡಲಿಗಿಂತ ಅಗಲ. ಉಡುಪಿ ಮಂಗಳೂರು ಹೈವೇಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಪಕ್ಕದಲ್ಲಿ ನುಗ್ಗುವಾಗ ಆ ಅಗಲ ನಿಮ್ಮ ತಲೆಯಲ್ಲಿ ಸದಾ ಇರಬೇಕು. ಕೆಸರಿನಲ್ಲಿ ಕಾಲು ಕೊಟ್ಟು ಹೋಗುವಾಗ ಪೆಟ್ಟಿಗೆ ಹಿಂದಿನಿಂದ ಬಂದು ಮೀನಖಂಡಕ್ಕೆ ಬಡಿಯುವುದುಂಟು, ಬಿದ್ದರೆ ಕಾಲು ಅಡಿಗೆ ಸಿಕ್ಕಿಕೊಳ್ಳುವುದೂ ಉಂಟು. ಮಣ್ಣು ರಸ್ತೆ ಜಾಸ್ತಿ ಓಡಿಸುವವರು ಇದೊಂದೇ ಕಾರಣಕ್ಕೆ ಬಟ್ಟೆ ಬ್ಯಾಗಿಗೆ ಹೋಗುತ್ತಾರೆ.

ರ‍್ಯಾಕ್ ಸೇರಿ ಜೊತೆಗೆ ಸುಮಾರು 25,000 ರೂಪಾಯಿಂದ ಶುರು, ಹೊರದೇಶದ ಬ್ರ್ಯಾಂಡ್ ಆದರೆ ಅದರ ಎರಡರಷ್ಟು, ಇನ್ನೂ ಜಾಸ್ತಿ. ಒಳಗೆ ಬಟ್ಟೆಯ ಚೀಲ ಬೇಕೇ ಬೇಕು, ಇಲ್ಲದಿದ್ದರೆ ಲೋಹ ಉಜ್ಜಿ ಬಿಳಿ ಅಂಗಿಯ ಮೇಲೆ ಕಪ್ಪು ಕಲೆ ಬೀಳುತ್ತದೆ.

ಪ್ಲಾಸ್ಟಿಕ್ ಪೆಟ್ಟಿಗೆ, ಟಾಪ್ ಬಾಕ್ಸ್

ಬದಿಗೆ ಹಾಕುವ ಪ್ಲಾಸ್ಟಿಕ್ ಪೆಟ್ಟಿಗೆ ನಮ್ಮ ಕಡೆ ಕಡಿಮೆ, ಹಾಗಾಗಿ ಜಾಸ್ತಿ ಹೇಳುವುದಿಲ್ಲ. ಅದು ಬದಿಯಿಂದ ತೆರೆಯುವ ಬಗೆ ಆದರೆ ಲ್ಯಾಚ್ ಹೋದ ತಕ್ಷಣ ಎಲ್ಲಾ ಸಾಮಾನು ನೆಲಕ್ಕೆ, ಅಷ್ಟು ನೆನಪಿಟ್ಟುಕೊಳ್ಳಿ.

ಟಾಪ್ ಬಾಕ್ಸ್ ಮಾತ್ರ ಊರಿನ ಎಲ್ಲ ಕಡೆ ಕಾಣುತ್ತದೆ. ಸ್ಟಡ್ಸ್‌ನಂಥ ನಮ್ಮ ದೇಶದ್ದು ಎರಡು ಮೂರು ಸಾವಿರದಿಂದ ಸಿಗುತ್ತದೆ, ಇಟಲಿಯ ಗಿವಿ, ಸ್ಪೇನಿನ ಶಾಡ್ ಆದರೆ ಎಂಟು ಹತ್ತು ಸಾವಿರದಿಂದ ಮೇಲಕ್ಕೆ. ದಿನಾ ಆಫೀಸಿಗೆ ಹೋಗುವವರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ. ಹೆಲ್ಮೆಟ್, ರೇನ್‌ಕೋಟ್, ಊಟದ ಬುತ್ತಿ, ಸಂಜೆ ಅಂಗಡಿ ಸಾಮಾನು, ಎಲ್ಲಾ ಒಂದೇ ಬೀಗದೊಳಗೆ.

ಇದರಲ್ಲಿ ಲ್ಯಾಚ್ ಎರಡು ಇರುತ್ತದೆ, ಬಹಳ ಜನ ಒಂದನ್ನೇ ನೋಡುತ್ತಾರೆ. ಒಂದು ಮುಚ್ಚಳದ್ದು. ಇನ್ನೊಂದು ಬಾಕ್ಸನ್ನು ಬೈಕಿಗೆ ಬೋಲ್ಟ್ ಮಾಡಿದ ಪ್ಲೇಟಿನ ಮೇಲೆ ಹಿಡಿದಿರುವುದು. ಮುಂದೆ ಎರಡು ನಾಲಿಗೆ ಪ್ಲೇಟಿನ ಕಿಂಡಿಗೆ ಹೋಗಿ ಕೂರುತ್ತದೆ, ಹಿಂದೆ ಒಂದು ಕೊಂಡಿ ಒತ್ತಿದರೆ ಕಚ್ಚಿಕೊಳ್ಳುತ್ತದೆ. ಆ ಕೊಂಡಿಯ ಗುಳಿಯಲ್ಲಿ ಒಂದು ಚಿಕ್ಕ ಕಲ್ಲು, ಒಣಗಿದ ಕೆಸರು ಕೂತರೂ ಸಾಕು, ಅದು ಪೂರ್ತಿ ಕಚ್ಚುವುದಿಲ್ಲ, ಆದರೂ ಕೂತ ಹಾಗೆಯೇ ಕಾಣುತ್ತದೆ. ಸುರತ್ಕಲ್ ಹತ್ತಿರ ಒಮ್ಮೆ ನನ್ನ ಕಣ್ಣೆದುರೇ ಒಂದು ಬೈಕಿನಿಂದ ಬಾಕ್ಸ್ ಕಳಚಿ ರಸ್ತೆಯ ಮೇಲೆ ಉರುಳಿತು. ಹಿಂದೆ ಸ್ಕೂಟರಿನಲ್ಲಿದ್ದ ಹೆಂಗಸು ಹೇಗೋ ತಪ್ಪಿಸಿಕೊಂಡರು. ಅವತ್ತಿನಿಂದ ಬಾಕ್ಸ್ ಕೂರಿಸಿದ ಮೇಲೆ ಅದರ ಹಿಡಿ ಹಿಡಿದು ಬೈಕಿನ ಹಿಂಭಾಗವನ್ನೇ ಮೇಲೆ ಎತ್ತುವ ಹಾಗೆ ಒಮ್ಮೆ ಎಳೆಯುತ್ತೇನೆ. ಬೈಕ್ ಸಸ್ಪೆನ್ಷನ್ ಮೇಲೆದ್ದರೆ ಸರಿ, ಬಾಕ್ಸ್ ಮಾತ್ರ ಮೇಲೆದ್ದರೆ ಬಿಚ್ಚಿ ಗುಳಿ ಒರೆಸಿ ಮತ್ತೆ ಕೂರಿಸಬೇಕು.

ಬಾಕ್ಸಿನ ಒಳಗೆ ಒಂದು ಸ್ಟಿಕರ್ ಇರುತ್ತದೆ, ಓದಿ. 3 ಕೆಜಿ, 5 ಕೆಜಿ, ದೊಡ್ಡದಾದರೆ 10 ಕೆಜಿ ಎಂದು ಬರೆದಿರುತ್ತದೆ. 45 ಲೀಟರ್ ಜಾಗ ಇದೆ ಎಂದು 45 ಲೀಟರ್ ಸಾಮಾನು ತುಂಬುವ ಹಾಗಿಲ್ಲ. ಆ ಭಾರ ಹಿಂದಿನ ಚಕ್ರದ ಆಕ್ಸಲಿಗಿಂತಲೂ ಹಿಂದೆ ಕೂರುತ್ತದೆ, ಮೇಲೆ ಕೂರುತ್ತದೆ, ಬೈಕಿನ ಮುಂಭಾಗ ಹಗುರ ಆಗುತ್ತದೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಅಡ್ಡಗಾಳಿ ಬೀಸುವಾಗ ತುಂಬಿದ ಟಾಪ್ ಬಾಕ್ಸ್ ಹಾಕಿಕೊಂಡು ಹೋಗಿ ನೋಡಿದವರಿಗೆ ಹ್ಯಾಂಡಲ್ ಹೇಗೆ ಅಲ್ಲಾಡುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಹಿಂದೆ ಕೂತವರು ಬಾಕ್ಸಿಗೆ ಒರಗಿಕೊಂಡು ಘಟ್ಟ ಹತ್ತಿದರೆ ಇಡೀ ಮೈಭಾರ ಆ ಪ್ಲೇಟಿನ ಬೋಲ್ಟು, ಕೊಂಡಿಗಳ ಮೇಲೆ. ಬೆನ್ನಿಗೆ ಒಂದು ಪ್ಯಾಡ್ ಅಂಟಿಸಿದ್ದಾರೆ ಎಂದ ಮಾತ್ರಕ್ಕೆ ಅದು ಕುರ್ಚಿ ಆಗುವುದಿಲ್ಲ.

ಗಿವಿಯಲ್ಲಿ ಮೊನೊಲಾಕ್, ಮೊನೊಕೀ ಎಂದು ಎರಡು ಬಗೆ. ಮೊನೊಲಾಕ್ ಚಿಕ್ಕ, ಹಗುರ ಕೆಲಸಕ್ಕೆ, ಮೊನೊಕೀ ಭಾರಕ್ಕೆ. ಒಂದರ ಪ್ಲೇಟಿಗೆ ಇನ್ನೊಂದರ ಬಾಕ್ಸ್ ಕೂರುವುದಿಲ್ಲ. ಹಳೆಯದು ಅಗ್ಗಕ್ಕೆ ಸಿಕ್ಕಿತು ಎಂದು ಬಾಕ್ಸ್ ಮಾತ್ರ ತಂದು ಆಮೇಲೆ ಪ್ಲೇಟ್ ಹುಡುಕುವವರನ್ನು ನೋಡಿದ್ದೇನೆ.

ಇನ್ನೊಂದು ನಮ್ಮ ಊರಿನ ವಿಷಯ, ಮೀನು. ಮಲ್ಪೆಯಿಂದಲೋ ಬಂದರಿನಿಂದಲೋ ಮೀನು ತೆಗೆದುಕೊಂಡು ಸೀದಾ ಟಾಪ್ ಬಾಕ್ಸಿಗೆ ಹಾಕುವವರು ಎಷ್ಟೋ ಜನ. ಪ್ಲಾಸ್ಟಿಕ್ ತೊಟ್ಟೆ ಎಲ್ಲೋ ಸ್ವಲ್ಪ ತೂತಾಗಿ ಐಸ್ ನೀರು ಕೆಳಗೆ ಇಳಿಯುತ್ತದೆ. ಉಪ್ಪು ಬೆರೆತ ನೀರು. ಅದು ಬಾಕ್ಸಿನ ತಳದಲ್ಲಿ ನಿಂತು, ಬೋಲ್ಟಿನ ತೂತಿನಿಂದ ಇಳಿದು, ಪ್ಲೇಟಿನ ಕೊಂಡಿಯ ಸ್ಪ್ರಿಂಗಿಗೆ ಹೋಗುತ್ತದೆ. ವಾಸನೆ ತೊಳೆದರೆ ಹೋಗುತ್ತದೆ, ಸ್ಪ್ರಿಂಗ್ ಹೋಗುವುದು ನಮಗೆ ಕಾಣುವುದಿಲ್ಲ. ಮೀನಿಗೆ ಮುಚ್ಚಳ ಇರುವ ಡಬ್ಬ ಇಟ್ಟುಕೊಳ್ಳಿ, ಬಾಕ್ಸ್ ಉಳಿಯುತ್ತದೆ.

ಬಟ್ಟೆಯ ಸ್ಯಾಡಲ್ ಬ್ಯಾಗ್, ಟೇಲ್ ಬ್ಯಾಗ್

ಇಲ್ಲಿ ಲ್ಯಾಚೇ ಇಲ್ಲ. ಬಾಯಿಯನ್ನು ಮೂರು ನಾಲ್ಕು ಸುತ್ತು ಸುರುಳಿ ಸುತ್ತಿ ಎರಡು ಕಡೆ ನೈಲಾನ್ ಬಕಲ್ ಹಾಕುವುದು, ರೋಲ್-ಟಾಪ್ ಎನ್ನುತ್ತಾರೆ. ಮೂರು ಸುತ್ತಿಗೆ ಕಡಿಮೆ ಆದರೆ ನೀರು ಒಳಗೆ ಹೋಗುತ್ತದೆ, ಅದಕ್ಕೆ ಕಂಠಪೂರ್ತಿ ತುಂಬಬೇಡಿ. ಒಂದು ಬಕಲ್ ಒಡೆದರೂ ಸುರುಳಿ ತಕ್ಷಣ ಬಿಚ್ಚಿಕೊಳ್ಳುವುದಿಲ್ಲ, ಇನ್ನೊಂದು ಹಿಡಿದಿರುತ್ತದೆ, ಎರಡೂ ಹೋದರೆ ಒಂದು ತುಂಡು ಹಗ್ಗ ಸಾಕು. ಸ್ಕೂಲ್ ಬ್ಯಾಗ್ ರಿಪೇರಿ ಮಾಡುವ ಅಂಗಡಿಯಲ್ಲೂ ಬಕಲ್ ಸಿಗುತ್ತದೆ. ನನ್ನ ಮೊದಲ ಎರಡು ಪ್ರಶ್ನೆಗೆ ಇಷ್ಟು ಸಮಾಧಾನದ ಉತ್ತರ ಬೇರೆ ಯಾವುದರಲ್ಲೂ ಇಲ್ಲ.

ಬೆಂಗಳೂರಿನ ವಯಾಟೆರಾ, ಮುಂಬೈಯ ರೈನಾಕ್ಸ್, ಇಂಥವರ ಬ್ಯಾಗುಗಳು ಸುಮಾರು ಐದರಿಂದ ಹದಿನೈದು ಸಾವಿರದ ಒಳಗೆ ಬರುತ್ತವೆ. ಕೊಳ್ಳುವಾಗ ಒಂದು ವ್ಯತ್ಯಾಸ ಕೇಳಿ ತಿಳಿದುಕೊಳ್ಳಿ. ಬ್ಯಾಗೇ ವಾಟರ್‌ಪ್ರೂಫಾ, ಅಥವಾ ಮೇಲೆ ಹಾಕುವ ಮಳೆ ಕವರ್ ಮಾತ್ರವಾ? ಕವರ್ ಬಗೆಯದ್ದು ನಮ್ಮ ಘಾಟಿಯ ಮಳೆಗೆ ಸಾಲದು, ಹಿಂದಿನ ಚಕ್ರದ ನೀರು ಕೆಳಗಿನಿಂದ ಬಂದು ಕವರಿನೊಳಗೇ ನಿಲ್ಲುತ್ತದೆ. ಹೊಲಿಗೆ ಇಲ್ಲದೆ ಬಿಸಿಯಲ್ಲಿ ಅಂಟಿಸಿದ ಜೋಡಣೆ ಇರುವುದು, ಅಥವಾ ಒಳಗೆ ಬೇರೆ ಡ್ರೈ ಬ್ಯಾಗ್ ಇರುವುದು ನೋಡಿ.

ಕಷ್ಟಗಳೂ ಇವೆ. ಸೈಲೆನ್ಸರಿಗೆ ತಾಗಿದರೆ ಸುಟ್ಟು ಹೋಗುತ್ತದೆ, ಹಾಗಾಗಿ ಬ್ಯಾಗನ್ನು ದೂರ ಹಿಡಿಯುವ ಲೋಹದ ಕಂಬಿ, ಸ್ಟೇ, ಬದಿಗೆ ಹಾಕಿಸದೆ ಕಟ್ಟಬೇಡಿ. ಬ್ಲೇಡ್ ಇರುವ ಕಳ್ಳನಿಗೆ ಒಂದು ನಿಮಿಷದ ಕೆಲಸ. ಕೊಲ್ಲೂರಿನಲ್ಲಿ ದೇವಸ್ಥಾನಕ್ಕೆ ಹೋಗುವಾಗ, ಧರ್ಮಸ್ಥಳದಲ್ಲಿ ಸಾಲು ನಿಲ್ಲುವಾಗ ಬ್ಯಾಗ್ ಬಿಚ್ಚಿಕೊಂಡು ಹೋಗುವುದು ಕಿರಿಕಿರಿ. ಬಿಸಿಲಿಗೆ ನಾಲ್ಕೈದು ವರ್ಷದಲ್ಲಿ ಬಕಲ್ ಪೆಡಸಾಗಿ ಒಡೆಯುತ್ತದೆ. ಆದರೆ ಹಗುರ, ಕಿರಿದು, ಬಿದ್ದರೆ ಕಾಲಿಗೆ ಮೆತ್ತಗೆ.

ಸೀಟಿನ ಮೇಲೆ ಕಟ್ಟುವ ಟೇಲ್ ಬ್ಯಾಗ್ ಒಬ್ಬರೇ ಹೋಗುವವರಿಗೆ ಎಲ್ಲಕ್ಕಿಂತ ಕಡಿಮೆ ಖರ್ಚಿನದ್ದು. ಎರಡೂವರೆ ಮೂರು ಸಾವಿರಕ್ಕೆ ಶುರು. ಕೊಕ್ಕೆ ಇರುವ ರಬ್ಬರ್ ಬಂಜಿಯಲ್ಲಿ ಮಾತ್ರ ಕಟ್ಟಬೇಡಿ. ಅದು ಎಳೆಯುತ್ತದೆ, ಜಗ್ಗುತ್ತದೆ, ಹಂಪಿನಲ್ಲಿ ಕೊಕ್ಕೆ ಕಳಚಿ ಚೈನಿಗೆ ಹೋಗಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ಲಾಕ್ ಆಗಬಹುದು, ಕಟ್ಟುವಾಗ ಕೈ ತಪ್ಪಿದರೆ ಕಣ್ಣಿಗೇ ಹೊಡೆಯುತ್ತದೆ. ಹಲ್ಲು ಕಚ್ಚುವ ಬಕಲ್ ಇರುವ ನೈಲಾನ್ ಪಟ್ಟಿ ತೆಗೆದುಕೊಳ್ಳಿ, ಉಳಿದ ತುದಿಯನ್ನು ಸುತ್ತಿ ಸಿಕ್ಕಿಸಿ.

ಅಂಗಡಿಯಲ್ಲಿ ಹತ್ತು ನಿಮಿಷ

ದುಡ್ಡು ಕೊಡುವ ಮೊದಲು ಇಷ್ಟು ಮಾಡಿ, ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ಲ್ಯಾಚನ್ನು ಇಪ್ಪತ್ತು ಸಲ ತೆರೆದು ಹಾಕಿ. ಒಂದು ಸಲವಾದರೂ ತಡವರಿಸಿದರೆ ಬೇರೆ ಪೀಸ್ ಕೇಳಿ. ಹತ್ತು ರೂಪಾಯಿಯ ನೋಟನ್ನು ಮುಚ್ಚಳದ ಅಂಚಿನಲ್ಲಿಟ್ಟು ಮುಚ್ಚಿ ಎಳೆಯಿರಿ, ಸುತ್ತ ಎಂಟು ಹತ್ತು ಕಡೆ. ಎಲ್ಲಿ ನೋಟು ಸುಲಭವಾಗಿ ಜಾರಿ ಬರುತ್ತದೋ ಅಲ್ಲಿಂದಲೇ ನೀರು ಬರುವುದು. ಲ್ಯಾಚ್ ಹಾಕಿ, ಕೀ ತಿರುಗಿಸದೆ, ಮುಚ್ಚಳದ ಅಂಚಿಗೆ ಎರಡು ಬೆರಳು ಹಾಕಿ ಮೇಲಕ್ಕೆ ಎತ್ತಿ. ಕೀ ಇಲ್ಲದೆಯೂ ಕೊಂಡಿ ತಾನೇ ಹಿಡಿದಿರಬೇಕು. ಕೀ ಇರುವುದು ಕಳ್ಳರಿಗೆ, ಹಂಪಿಗಲ್ಲ.

ಮ್ಯಾಗ್ನೆಟ್ ಹಿಡಿದು ನೋಡುವವರಿದ್ದಾರೆ. ಅಂಟಿದರೆ ಸಾಧಾರಣ ಕಬ್ಬಿಣಕ್ಕೆ ಪ್ಲೇಟಿಂಗ್ ಮಾಡಿದ್ದು ಇರಬಹುದು ಎಂದು ಗೊತ್ತಾಗುತ್ತದೆ. ಆದರೆ ಅಂಟದಿದ್ದರೆ ಒಳ್ಳೆಯ ಸ್ಟೇನ್‌ಲೆಸ್ ಎಂದು ಅರ್ಥವಲ್ಲ. 202 ಗ್ರೇಡಿನ ಅಗ್ಗದ ಸ್ಟೀಲಿಗೂ ಮ್ಯಾಗ್ನೆಟ್ ಅಂಟುವುದಿಲ್ಲ, ಉಪ್ಪು ಗಾಳಿಗೆ ಅದು ಬೇಗ ಕಲೆ ಹಿಡಿಯುತ್ತದೆ. 304 ವಾಸಿ. ಸಮುದ್ರದ ಹತ್ತಿರಕ್ಕೆ ಸರಿಯಾದದ್ದು 316. ಸತು ಬೆರೆಸಿ ಅಚ್ಚು ಹೊಯ್ದ ಲ್ಯಾಚೂ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಅದು ಬಾಗುವುದಿಲ್ಲ, ಒಂದೇ ಸಲ ಮುರಿಯುತ್ತದೆ.

ಕೊನೆಗೆ ಕೇಳಿ: ಬಿಡಿ ಲ್ಯಾಚ್, ಬಿಡಿ ಕೀ, ಮುಚ್ಚಳದ ಅಂಚಿನ ರಬ್ಬರ್ ಬೀಡಿಂಗ್ ಸಿಗುತ್ತದಾ? ಸಿಗುತ್ತದೆ ಎಂದರೆ ಅವತ್ತೇ ಒಂದು ಲ್ಯಾಚ್ ಜಾಸ್ತಿ ತೆಗೆದಿಡಿ. ಕೀ ಮೇಲೆ ನಂಬರ್ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ.

ಮನೆಗೆ ತಂದ ಮೇಲೆ ಖರ್ಚೇ ಇಲ್ಲದ ಕೆಲಸ ಒಂದಿದೆ. ಸಮುದ್ರದ ಬದಿ ಓಡಿಸಿ ಬಂದ ದಿನ ಒಂದು ಬಕೆಟ್ ಸಿಹಿ ನೀರಿನಲ್ಲಿ ಲ್ಯಾಚ್, ರ‍್ಯಾಕ್ ತೊಳೆಯಿರಿ. ಸರ್ವೀಸ್ ಸ್ಟೇಷನ್ನಿನ ಪ್ರೆಷರ್ ಪೈಪನ್ನು ಮಾತ್ರ ಬೀಗದ ಕಿಂಡಿಗೆ ಹಿಡಿಯಲು ಬಿಡಬೇಡಿ. ಡಬ್ಲ್ಯುಡಿ-40 ಹೊಡೆದರೆ ನೀರು ಹೊರಗೆ ಬರುತ್ತದೆ, ಅದು ಒಳ್ಳೆಯದೇ, ಆದರೆ ಅದು ಬಹಳ ದಿನ ನಿಲ್ಲುವ ಎಣ್ಣೆ ಅಲ್ಲ. ಅದು ಆರಿದ ಮೇಲೆ ಸ್ಪ್ರಿಂಗಿಗೆ, ಕೊಂಡಿಗೆ ಸ್ವಲ್ಪ ಗ್ರೀಸ್ ಹಾಕಬೇಕು. ಕೀ ಹಾಕುವ ಜಾಗಕ್ಕೆ ಗ್ರೀಸ್ ಬೇಡ, ಧೂಳು ಅಂಟಿ ಗಂಟಾಗುತ್ತದೆ, ಅಲ್ಲಿಗೆ ಗ್ರಾಫೈಟ್ ಪುಡಿ ಸರಿ. ಬೀಡಿಂಗ್‌ಗೆ ಸಿಲಿಕೋನ್ ಗ್ರೀಸ್.

ಯಾವ ಪೆಟ್ಟಿಗೆಯೇ ಇರಲಿ, ಅದರ ಹೊಟ್ಟೆ ಸುತ್ತ ಒಂದು ನೈಲಾನ್ ಪಟ್ಟಿ ಬಿಗಿಯಿರಿ. ನೂರೈವತ್ತು ಇನ್ನೂರು ರೂಪಾಯಿ. ಅವತ್ತು ಆಗುಂಬೆಯಲ್ಲಿ ಅದೊಂದು ಇದ್ದಿದ್ದರೆ ಅಪ್ಪನ ಔಷಧಿ ಮನೆಗೆ ಬರುತ್ತಿತ್ತು.

ಹಾಗಾದರೆ ಯಾರಿಗೆ ಯಾವುದು

ಕಾಪುವಿನವರಿಗೆ ಟಾಪ್ ಬಾಕ್ಸ್ ಎಂದೆ. ಅದರಲ್ಲೂ ಅಗ್ಗದ್ದು ದೊಡ್ಡದು ಬೇಡ, ಅದೇ ದುಡ್ಡಿಗೆ ಒಳ್ಳೆಯದು ಚಿಕ್ಕದು. ಒಂದು ಹೆಲ್ಮೆಟ್ ಹಿಡಿದರೆ ಸಾಕು. ವಾರಕ್ಕೊಮ್ಮೆ ಪ್ಲೇಟಿನ ಗುಳಿ ಒರೆಸಿ.

ಘಟ್ಟ ಹತ್ತುವ ಜೋಡಿಗೆ ರೋಲ್-ಟಾಪ್ ಸ್ಯಾಡಲ್ ಬ್ಯಾಗ್ ಒಂದು ಜೊತೆ, ಜೊತೆಗೆ ಪರ್ಸ್, ಕ್ಯಾಮೆರಾ, ಔಷಧಿ ಹಾಕಲು ಒಂದು ಚಿಕ್ಕ ಟಾಪ್ ಬಾಕ್ಸ್. ಇಬ್ಬರ ಭಾರ ಆಗಲೇ ಬೈಕಿನ ಮೇಲಿದೆ, ಅದರ ಮೇಲೆ 15 ಕೆಜಿ ಅಲ್ಯೂಮಿನಿಯಂ ಹೇರುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಬೈಕಿನ ಮ್ಯಾನ್ಯುಯಲ್‌ನಲ್ಲಿ ಒಟ್ಟು ಎಷ್ಟು ಭಾರ ಹೊರಬಹುದು ಎಂದು ಇರುತ್ತದೆ, ಕೂತವರು, ಪೆಟ್ಟಿಗೆ, ರ‍್ಯಾಕ್ ಎಲ್ಲಾ ಕೂಡಿಸಿ ನೋಡಿ. ಚಾರ್ಮಾಡಿಯಲ್ಲಿ, ಶಿರಾಡಿಯಲ್ಲಿ ಲಾರಿಗಳ ಮಧ್ಯೆ ನುಸುಳುವಾಗ ಕಿರಿದಾಗಿದ್ದಷ್ಟೂ ನೆಮ್ಮದಿ. ಬಜೆಟ್ ಸಾಲದಿದ್ದರೆ ಟಾಪ್ ಬಾಕ್ಸ್ ಬಿಡಿ, ಬ್ಯಾಗಿನ ಗುಣದಲ್ಲಿ ರಾಜಿ ಬೇಡ.

ಮಣಿಪಾಲದ ಹುಡುಗನಿಗೆ ಮಾತ್ರ ಯೋಚಿಸಿ ಹೇಳಬೇಕಾಯಿತು. ಲಡಾಖಿನಲ್ಲಿ ಉಪ್ಪು ಗಾಳಿ ಇಲ್ಲ, ನಮ್ಮ ಹಾಗೆ ಮಳೆಯೂ ಇಲ್ಲ, ಅಲ್ಯೂಮಿನಿಯಂ ಅಲ್ಲಿ ಚೆನ್ನಾಗಿ ಬಾಳುತ್ತದೆ. ಆದರೆ ಆ ಪೆಟ್ಟಿಗೆ ಒಂದು ತಿಂಗಳು ಲಡಾಖಿನಲ್ಲಿ, ಉಳಿದ ಹನ್ನೊಂದು ತಿಂಗಳು ಮಣಿಪಾಲದಲ್ಲಿ. ಒಬ್ಬನೇ ಹೋಗುವುದು, ಓದುವ ಹುಡುಗನ ಬಜೆಟ್ಟು, ನೀರು ಹರಿಯುವ ಕಲ್ಲು ರಸ್ತೆ. ಸ್ಯಾಡಲ್ ಬ್ಯಾಗ್ ಮತ್ತು ಒಂದು ಟೇಲ್ ಬ್ಯಾಗ್ ತಗೋ, ಉಳಿದ ದುಡ್ಡಿಗೆ ಟೈರು, ಚೈನ್ ಸೆಟ್ ಹೊಸದು ಹಾಕಿಸು ಎಂದೆ. ವರ್ಷಕ್ಕೆ ಆರು ತಿಂಗಳು ರಸ್ತೆಯಲ್ಲೇ ಇರುವವರು, ದಿನಾ ಬೇರೆ ಲಾಡ್ಜು, ಲ್ಯಾಪ್‌ಟಾಪ್ ಕ್ಯಾಮೆರಾ ಜೊತೆಗಿರುವವರು ಆದರೆ ಅಲ್ಯೂಮಿನಿಯಂ ಎಂದೇ ಹೇಳುತ್ತಿದ್ದೆ.

ಆಗಲೇ ಪೆಟ್ಟಿಗೆ ಇರುವವರು ಅರ್ಧ ಬೆಲೆಗೆ ಮಾರಲು ಹೊರಟಿದ್ದರು. ಬೇಡ ಮಾರಾಯ್ರೆ, ಪೆಟ್ಟಿಗೆ ಚೆನ್ನಾಗಿಯೇ ಇದೆ, ಲ್ಯಾಚ್ ಬದಲಾಯಿಸಿ ಎಂದೆ. ನನ್ನದಕ್ಕೂ ಹಾಗೇ ಮಾಡಿದ್ದು. ಮಲ್ಪೆ ಬಂದರಿನ ಹತ್ತಿರ ದೋಣಿಯ ಸಾಮಾನು ಮಾರುವ ಅಂಗಡಿಗೆ ಹೋಗಿ, ಎಳೆದು ಮಡಚುವ ಸ್ಟೀಲ್ ಕೊಂಡಿ ನಾಲ್ಕು ತಂದೆ. ಸಮುದ್ರದಲ್ಲೇ ಇರುವ ದೋಣಿಗೆ ಹಾಕುವ ಸಾಮಾನು ನಮ್ಮ ಬೈಕಿಗೆ ಸಾಲದೇ ಇರುತ್ತದಾ? ವೆಲ್ಡಿಂಗ್ ಅಂಗಡಿಯವರು ಹಳೆಯ ರಿವೆಟ್ ಕೊರೆದು ತೆಗೆದು, ತೂತು ದೊಡ್ಡದಾಗಿದ್ದ ಕಡೆ ಒಳಗಿನಿಂದ ಒಂದು ಅಲ್ಯೂಮಿನಿಯಂ ಪಟ್ಟಿ ಕೊಟ್ಟು, ನೈಲಾನ್ ವಾಷರ್ ಹಾಕಿ ಬೋಲ್ಟ್ ಮಾಡಿಕೊಟ್ಟರು. ಒಂದು ಮಧ್ಯಾಹ್ನದ ಕೆಲಸ. ಈಗ ಅದಕ್ಕೆ ಎರಡನೇ ಮಳೆಗಾಲ. ಮೊನ್ನೆ ಹೆಬ್ರಿಯಲ್ಲಿ ಚಹಾಕ್ಕೆ ನಿಂತಾಗ ಅಭ್ಯಾಸದಂತೆ ಎರಡು ಬೆರಳು ಹಾಕಿ ಮುಚ್ಚಳ ಎತ್ತಿ ನೋಡಿದೆ, ಅಲುಗಲಿಲ್ಲ.